ಬಿಡದೆ ಒತ್ತಿ ಹಿಡಿದ ಬಟನ್

ಶಿರಸಿ ಸೀಮೆಯ ತೋಟಗಳಲ್ಲಿ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆಗಳ ಕೊಯ್ಲು, ನಡೆಯುವ ದಿನಗಳಲ್ಲಿ ನಮ್ಮಂಥ ಮಕ್ಕಳಿಗೆ ಇರುತ್ತಿದ್ದುದು ಒಂದೇ ಕೆಲಸ, ಉದುರಡಿಕೆ ಹೆಕ್ಕುವುದು. ಆ ಕೆಲಸದಲ್ಲಿ ನಾನು ಯಾವಾಗಲೂ ಅಣ್ಣನಿಗಿಂತ ಹಿಂದೆ ಬೀಳುತ್ತಿದ್ದೆ, ಏಕೆಂದರೆ ನನ್ನ ಕಣ್ಣು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮೇಲೆ ಕೊನೆಗೌಡರು ಇರುತ್ತಿದ್ದರು. ಅವರು ಒಂದು ಮರ ಹತ್ತಿದರೆಂದರೆ ನೆಲಕ್ಕೆ ಇಳಿಯದೆ ಸಾಲು ಮರಗಳ ಕೊನೆಗಳನ್ನು ಇಳಿಸಿ ಮುಗಿಸುತ್ತಿದ್ದರು. ತುದಿಯಲ್ಲಿ ಕುಳಿತು ಮೈಭಾರವನ್ನು ಒಂದು ಪಕ್ಕಕ್ಕೆ ಕೊಟ್ಟಾಗ ಆ ತೆಳ್ಳನೆಯ ಮರ ನಿಧಾನವಾಗಿ ಬಾಗುತ್ತಿತ್ತು, ಹಿಂದಕ್ಕೆ ಬರುತ್ತಿತ್ತು, ಮತ್ತೆ ಇನ್ನಷ್ಟು ಬಾಗುತ್ತಿತ್ತು. ಪಕ್ಕದ ಮರ ಕೈಗೆಟುಕಿದ ಕೂಡಲೇ ಅದನ್ನು ಹಿಡಿದು, ಈ ಮರವನ್ನು ಇನ್ನೂ ಬಿಡದೆ, ಎರಡರ ನಡುವೆ ಒಂದು ಉಸಿರಿನಷ್ಟು ಹೊತ್ತು ನಿಂತು, ಆಮೇಲೆ ದಾಟುತ್ತಿದ್ದರು. ಆ ಒಂದು ಉಸಿರಿನ ಹೊತ್ತಿನಲ್ಲಿ ಕೆಳಗೆ ನಿಂತ ನನ್ನ ಉಸಿರೂ ನಿಂತಿರುತ್ತಿತ್ತು.

ಈಗ ನಲವತ್ತರ ಅಂಚಿನಲ್ಲಿ ನಿಂತು, ಮೂವತ್ತು ವರ್ಷಗಳಿಂದ ಆಡಿಕೊಂಡು ಬಂದ ವಿಡಿಯೋ ಗೇಮ್‌ಗಳಲ್ಲಿ ನನಗೆ ನಿಜವಾಗಿ ಪ್ರಿಯವಾದವು ಯಾವುವು ಎಂದು ಯೋಚಿಸುತ್ತ ಹೋದಾಗಲೆಲ್ಲ ಆ ದೃಶ್ಯವೇ ಎದುರಿಗೆ ಬರುತ್ತದೆ. ಕಥೆ ದೊಡ್ಡದೆಂಬ ಕಾರಣಕ್ಕಾಗಲಿ, ಚಿತ್ರ ಚೆಂದವಿದೆ ಎಂಬ ಕಾರಣಕ್ಕಾಗಲಿ ಯಾವ ಆಟವೂ ನನಗೆ ಹತ್ತಿರವಾಗಲಿಲ್ಲ. ಬಾಯಿಬಿಟ್ಟು ಏನನ್ನೂ ಹೇಳದೆ, ಆಡುವವನ ಮೇಲೆ ನಂಬಿಕೆಯಿಟ್ಟು, ಒಂದು ವಿದ್ಯೆಯನ್ನು ಅವನ ಕೈಗೆ ಹತ್ತಿಸುವ ಆಟಗಳೇ ನನ್ನೊಳಗೆ ಉಳಿದಿವೆ.

ಮೊದಲನೆಯದು ಎಲ್ಲರಿಗೂ ಗೊತ್ತಿರುವ ಸೂಪರ್ ಮಾರಿಯೋ ಬ್ರದರ್ಸ್. ಜಪಾನಿನಲ್ಲಿ ನಿಂಟೆಂಡೊ ಕಂಪನಿ ಅದನ್ನು 1985ರಲ್ಲಿ ಹೊರತಂದಿತ್ತು. ನಮ್ಮ ಮನೆಗೆ ಅದು ಬಂದದ್ದು 1994ರ ಬೇಸಿಗೆ ರಜೆಯಲ್ಲಿ, ಹುಬ್ಬಳ್ಳಿಯಿಂದ ಬಂದ ಸೋದರಮಾವನ ಚೀಲದಲ್ಲಿ, ಹೆಸರಿಲ್ಲದ ಒಂದು 8 ಬಿಟ್ ಟಿವಿ ಗೇಮ್‌ನ ಜೊತೆಗೆ. ಅದರ ಹಳದಿ ಕ್ಯಾಸೆಟ್‌ನ ಬಾಯಿಗೆ ಫೂ ಎಂದು ಊದಿ ಒತ್ತಿದರೆ ಆಟ ಶುರುವಾಗುತ್ತದೆ ಎಂಬ ನಂಬಿಕೆ ದೇಶದ ಎಲ್ಲ ಮಕ್ಕಳಂತೆ ನಮಗೂ ಇತ್ತು. ಟಿವಿ ಕಪ್ಪು ಬಿಳುಪಿನದು. ಮಾರಿಯೋನ ಟೊಪ್ಪಿಗೆ ಕೆಂಪು ಎಂಬುದು ನನಗೆ ಗೊತ್ತಾಗಲು ಎರಡು ವರ್ಷ ಬೇಕಾಯಿತು. ಆದರೆ ಬಣ್ಣವಿಲ್ಲದ ಆ ಟಿವಿಯೇ ಅಣ್ಣನಿಗೆ ಒಂದು ಗುಟ್ಟನ್ನು ತೋರಿಸಿಕೊಟ್ಟಿತು. ಒಂದು ಮಧ್ಯಾಹ್ನ ಅವನು ತೆರೆಯ ಹತ್ತಿರ ಹೋಗಿ ಬೆರಳಿಟ್ಟು, "ಈ ಮೋಡವೂ ಆ ಪೊದೆಯೂ ಒಂದೇ" ಎಂದ. ನೋಡಿದರೆ ನಿಜ, ಅದೇ ಉಬ್ಬುಬ್ಬಾದ ಅಂಚು, ಅದೇ ಆಕಾರ. ಇಡೀ ಆಟ ಕೇವಲ 40 ಕಿಲೋಬೈಟ್‌ಗಳಲ್ಲಿ ಅಡಗಬೇಕಿತ್ತು. ಆದ್ದರಿಂದ ಒಂದೇ ಚಿತ್ರಕ್ಕೆ ಬಿಳಿ ಬಳಿದು ಆಕಾಶದಲ್ಲಿಟ್ಟಿದ್ದರು, ಹಸಿರು ಬಳಿದು ನೆಲದಲ್ಲಿಟ್ಟಿದ್ದರು. ಇದನ್ನು ನಾನು ಓದಿ ತಿಳಿದದ್ದು ಬಹಳ ವರ್ಷಗಳ ಮೇಲೆ. ಹನ್ನೆರಡು ವರ್ಷದ ಅಣ್ಣ ಅದನ್ನು ಓದದೆಯೇ ಕಂಡಿದ್ದ.

ಆ ಆಟದ ಜೀವವಿರುವುದು ಅದರ ಜಿಗಿತದಲ್ಲಿ. ಬಟನ್ ಅನ್ನು ಮುಟ್ಟಿ ಬಿಟ್ಟರೆ ಸಣ್ಣ ಜಿಗಿತ, ಒತ್ತಿ ಹಿಡಿದರೆ ಎತ್ತರದ ಜಿಗಿತ. ಓಡಿ ಬಂದು ಹಾರಿದರೆ ಇನ್ನೂ ದೂರ, ಗಾಳಿಯಲ್ಲಿರುವಾಗಲೂ ಅತ್ತಿತ್ತ ತುಸು ವಾಲಿಸಬಹುದು, ಓಡುತ್ತ ಒಮ್ಮೆಲೇ ತಿರುಗಿದರೆ ಕಾಲು ಜಾರುತ್ತದೆ. ಇದನ್ನೆಲ್ಲ ತಿಳಿಸುವ ಒಂದು ಸಾಲೂ ಆಟದಲ್ಲಿಲ್ಲ. ಮೊದಲ ಹಂತ ತೆರೆದ ಕೂಡಲೇ ಎದುರಿನಿಂದ ಒಂದು ಅಣಬೆಯಂಥ ಜೀವಿ ನಡೆದು ಬರುತ್ತದೆ. ಸುಮ್ಮನೆ ನಿಂತರೆ ಸಾವು. ಹಾಗಾಗಿ ಹಾರಬೇಕೆಂಬುದು ಮೊದಲ ಹತ್ತು ಸೆಕೆಂಡಿನಲ್ಲಿಯೇ ತಿಳಿಯುತ್ತದೆ. ಆಮೇಲೆ ಪ್ರಶ್ನಾರ್ಥಕ ಚಿಹ್ನೆಯ ಇಟ್ಟಿಗೆಯೊಂದಕ್ಕೆ ತಲೆ ಬಡಿದರೆ ಅಣಬೆಯೊಂದು ಹೊರಬಂದು ಬಲಕ್ಕೆ ಸರಿದು, ಕೊಳವೆಗೆ ತಾಗಿ, ತಿರುಗಿ ನಮ್ಮ ಕಡೆಗೇ ಬರುತ್ತದೆ. ಹೆದರಿ ಹಾರಿದರೂ ಅದು ಮೈಗೆ ತಾಗುವಂತೆ ಆ ಜಾಗವನ್ನು ಜೋಡಿಸಲಾಗಿದೆ. ತಾಗಿದ ಮೇಲೆ, ಇದು ಸಾಯಿಸುವ ವಸ್ತುವಲ್ಲ, ನಮ್ಮನ್ನು ದೊಡ್ಡವರನ್ನಾಗಿ ಮಾಡುವ ವಸ್ತು ಎಂಬುದು ಗೊತ್ತಾಗುತ್ತದೆ. ಇದನ್ನು ಮಾಡಿದ ಶಿಗೆರು ಮಿಯಾಮೊಟೊ ಮತ್ತು ತಾಕಾಶಿ ತೆಜುಕಾ, ಆ ಮೊದಲ ಹಂತವನ್ನು ಹೀಗೆ ಬೇಕೆಂದೇ ರೂಪಿಸಿದ್ದಾಗಿ ಹೇಳಿದ್ದಾರೆ. ಇಷ್ಟು ಒಳ್ಳೆಯ ಮೇಷ್ಟರು ನನಗೆ ಶಾಲೆಯಲ್ಲಿ ಸಿಕ್ಕಿದ್ದು ಕಡಿಮೆ.

ಆಟವನ್ನು ಉಳಿಸಿಟ್ಟುಕೊಂಡು ನಾಳೆ ಮುಂದುವರಿಸುವ ಅನುಕೂಲ ಅದರಲ್ಲಿರಲಿಲ್ಲ. ಎಂಟು ಲೋಕ, ಒಂದೊಂದಕ್ಕೆ ನಾಲ್ಕು ಹಂತ, ಒಟ್ಟು 32. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋಯಿತೆಂದರೆ ಮತ್ತೆ ಒಂದನೆಯ ಹಂತದಿಂದಲೇ ಆರಂಭ. ನಾನು ಮೊದಲ ಲೋಕವನ್ನು ಎಷ್ಟು ಸಲ ದಾಟಿದ್ದೇನೋ ಲೆಕ್ಕವಿಲ್ಲ. ಇವತ್ತಿಗೂ ಕಣ್ಣು ಮುಚ್ಚಿದರೆ ಎಲ್ಲಿ ಗುಂಡಿ, ಎಲ್ಲಿ ಕೊಳವೆ ಎಂಬುದು ಹೆಬ್ಬೆರಳಿಗೆ ಗೊತ್ತು. ಕತ್ತಲಲ್ಲಿ ಮನೆಯ ಹಿತ್ತಿಲಿನ ಮೆಟ್ಟಿಲು ಕಾಲಿಗೆ ಗೊತ್ತಿರುವಂತೆ.

ಅದೇ ಕಾಲದಲ್ಲಿ ಮಾರಿಕಾಂಬಾ ಜಾತ್ರೆಯ ಪೇಟೆಯಲ್ಲಿ ಅಪ್ಪಯ್ಯ ಒಂದು ಬ್ರಿಕ್ ಗೇಮ್ ಕೊಡಿಸಿದ್ದ. ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೊವ್ 1984ರಲ್ಲಿ ರೂಪಿಸಿದ ಟೆಟ್ರಿಸ್‌ನ ಬಡ ನಕಲು ಅದು: ನಾಲ್ಕು ನಾಲ್ಕು ಚೌಕಗಳ ಏಳು ಆಕಾರಗಳು ಮೇಲಿನಿಂದ ಬೀಳುತ್ತವೆ, ಸಾಲು ತುಂಬಿದರೆ ಮಾಯವಾಗುತ್ತವೆ. ನಾನು ಅದನ್ನು ಒಂದು ತಿಂಗಳು ಆಡಿ ಬಿಟ್ಟೆ. ಬಿಡದೆ ಆಡಿದವಳು ನಮ್ಮ ಆಯಿ. ರಾತ್ರಿ ಅಡುಗೆಮನೆಯ ಕೆಲಸವೆಲ್ಲ ಮುಗಿದ ಮೇಲೆ ಜಗಲಿಯ ಮೂಲೆಯಲ್ಲಿ ಕುಳಿತು, ಬೀಳುವ ಇಟ್ಟಿಗೆಯನ್ನು ಕೊನೆಯ ಕ್ಷಣದಲ್ಲಿ ತಿರುಗಿಸಿ ಕೂರಿಸುತ್ತಿದ್ದ ಅವಳ ಮುಖದಲ್ಲಿ ಇರುತ್ತಿದ್ದ ಶಾಂತಿಯನ್ನು ನಾನು ಬೇರೆ ಯಾವ ಹೊತ್ತಿನಲ್ಲೂ ಕಂಡಿಲ್ಲ.

ಪ್ರಿನ್ಸ್ ಆಫ್ ಪರ್ಷಿಯಾ ಸಿಕ್ಕಿದ್ದು ಶಿರಸಿ ಪೇಟೆಯ ಕಂಪ್ಯೂಟರ್ ಕ್ಲಾಸಿನಲ್ಲಿ, ಡಾಸ್ ಕಲಿಯುವ ನೆಪದಲ್ಲಿ. ಅರಮನೆಯ ನೆಲಮಾಳಿಗೆಗೆ ತಳ್ಳಲ್ಪಟ್ಟವನೊಬ್ಬ 60 ನಿಮಿಷಗಳೊಳಗೆ ಮೇಲೆ ಬಂದು ರಾಜಕುಮಾರಿಯನ್ನು ಬಿಡಿಸಬೇಕು. ನಮ್ಮ ಕ್ಲಾಸಿನ ಅವಧಿಯೂ 60 ನಿಮಿಷಗಳದ್ದೇ, ಅದರಲ್ಲಿ ಅರ್ಧ ಪಾಠಕ್ಕೆ ಹೋಗುತ್ತಿತ್ತು. ಆದರೂ ಮೊದಲ ದಿನವೇ ನನಗೆ ಮೈ ಜುಮ್ಮೆಂದದ್ದು ನೆನಪಿದೆ. ಆ ಮನುಷ್ಯನಿಗೆ ಭಾರವಿತ್ತು. ಮಾರಿಯೋ ಚೆಂಡಿನಂತೆ ಪುಟಿಯುತ್ತಾನೆ. ಇವನು ಓಡಲು ಶುರುಮಾಡುವ ಮುನ್ನ ಮೈ ಮುಂದಕ್ಕೆ ಬಾಗಿಸುತ್ತಾನೆ, ನಿಲ್ಲುವಾಗ ಎರಡು ಹೆಜ್ಜೆ ಜಾರುತ್ತಾನೆ, ಕಂದಕದ ಆಚೆ ಹಾರಿ ಅಂಚನ್ನು ಬೆರಳತುದಿಯಲ್ಲಿ ಹಿಡಿದು ತೂಗಾಡುತ್ತಾನೆ. ಕೀಲಿಮಣೆಯ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಅವನ ಕೈ ಅಂಚನ್ನು ಹಿಡಿದಿರುತ್ತದೆ. ನಾವು ಬಿಟ್ಟರೆ ಅವನೂ ಬಿಟ್ಟ. ತೋಟದಲ್ಲಿ ಕತ್ತೆತ್ತಿ ನೋಡುತ್ತಿದ್ದ ಆ ಒಂದು ಉಸಿರಿನ ಹೊತ್ತು ಮೊದಲ ಬಾರಿಗೆ ನನ್ನ ಕಿರುಬೆರಳಿಗೆ ಇಳಿದು ಬಂದಿತ್ತು.

ಆ ಭಾರ ಎಲ್ಲಿಂದ ಬಂತೆಂಬುದು ಓದಿ ಗೊತ್ತಾದಾಗ ನನ್ನ ಪ್ರೀತಿ ಇಮ್ಮಡಿಯಾಯಿತು. ಜೋರ್ಡಾನ್ ಮೆಕ್ನರ್ ಎಂಬ ತರುಣ ತನ್ನ ತಮ್ಮ ಡೇವಿಡ್‌ನನ್ನು ಓಡಿಸಿ, ಹಾರಿಸಿ, ಗೋಡೆ ಹತ್ತಿಸಿ ವಿಡಿಯೋ ಕ್ಯಾಮೆರಾದಲ್ಲಿ ಹಿಡಿದು, ಒಂದೊಂದು ಚೌಕಟ್ಟಿನ ಅಂಚನ್ನೂ ಕೈಯಿಂದ ತಿದ್ದಿ ಆಪಲ್ ಟು ಕಂಪ್ಯೂಟರಿಗೆ ಇಳಿಸಿದ್ದ. ಆಟ ಹೊರಬಂದದ್ದು 1989ರಲ್ಲಿ. ಕೊನೆಕೊನೆಗೆ ಕಂಪ್ಯೂಟರಿನ ಸ್ಮರಣೆಯಲ್ಲಿ ಇನ್ನೊಂದು ಪಾತ್ರಕ್ಕೆ ಜಾಗವೇ ಉಳಿದಿರಲಿಲ್ಲ. ಆಗ ಅವನು ನಾಯಕನದೇ ಚಿತ್ರಗಳನ್ನು ಬೇರೊಂದು ರೀತಿಯಲ್ಲಿ ಬಳಸಿ ಒಬ್ಬ ನೆರಳು ಮನುಷ್ಯನನ್ನು ಹುಟ್ಟಿಸಿದ. ನಾಯಕ ಕನ್ನಡಿಯೊಂದನ್ನು ಹಾದು ಹಾರುವಾಗ ಆ ನೆರಳು ಅವನಿಂದ ಬೇರ್ಪಟ್ಟು ಓಡಿಹೋಗುತ್ತದೆ, ಮುಂದೆ ಸಿಕ್ಕಸಿಕ್ಕಲ್ಲಿ ಕೆಡುಕು ಮಾಡುತ್ತದೆ, ಕೊನೆಗೆ ಕತ್ತಿ ಹಿರಿದು ಎದುರು ನಿಲ್ಲುತ್ತದೆ. ಅದಕ್ಕೆ ಹೊಡೆದರೆ ನಮ್ಮ ಪ್ರಾಣವೇ ಕಡಿಮೆಯಾಗುತ್ತದೆ. ನಾನು ಎಷ್ಟೋ ಸಲ ಹೊಡೆದು ಹೊಡೆದು ಸತ್ತೆ. ಒಂದು ದಿನ ಸೋತು, ಹೊಡೆಯುವ ಮನಸ್ಸಿಲ್ಲದೆ ಕತ್ತಿಯನ್ನು ಒರೆಗೆ ಸೇರಿಸಿದೆ, ನೆರಳೂ ಸೇರಿಸಿತು. ಮುಂದಕ್ಕೆ ನಡೆದೆ, ಅದೂ ನಡೆದು ಬಂತು. ಇಬ್ಬರೂ ಒಬ್ಬರೊಳಗೊಬ್ಬರು ಸೇರಿಹೋದರು. ಹೀಗೆ ಮಾಡು ಎಂದು ಹೇಳುವವರು ಯಾರೂ ಇರಲಿಲ್ಲ. ಮೋಡ ಮತ್ತು ಪೊದೆಯ ಹಾಗೆ ಇದೂ ಜಾಗವಿಲ್ಲದ ಸಂಕಟದಿಂದ ಹುಟ್ಟಿದ್ದು, ಆದರೆ ಆ ಇಡೀ ಆಟದ ಅರ್ಥ ಅಲ್ಲಿಯೇ ಇದೆ ಎಂದು ನನಗೆ ಅನ್ನಿಸುತ್ತದೆ.

ಓದಿಗೂ ಆಮೇಲೆ ನೌಕರಿಗೂ ಘಟ್ಟ ಇಳಿದು ಕಾರವಾರಕ್ಕೆ ಬಂದೆ. ಅಲ್ಲಿ ಆರು ಕಂಪ್ಯೂಟರುಗಳ ಒಂದು ಸೈಬರ್ ಕೆಫೆಯಲ್ಲಿ ಸಾಮ್ರಾಜ್ಯ ಕಟ್ಟಿ ಕಾದಾಡುವ ಏಜ್ ಆಫ್ ಎಂಪೈರ್ಸ್‌ನ ಎರಡನೆಯ ಭಾಗವನ್ನು ರಾತ್ರಿಯವರೆಗೂ ಆಡುತ್ತಿದ್ದೆವು. ಮಳೆಗಾಲದಲ್ಲಿ ಮೀನುಗಾರಿಕೆಗೆ ನಿಷೇಧವಿರುವಾಗ ಬೈತಖೋಲದ ಗೆಳೆಯರಿಬ್ಬರು ಬೋಟ್ ಕಟ್ಟಿ ಹಾಕಿ ಬರುತ್ತಿದ್ದರು. ಆಟದಲ್ಲಿ ಅವರು ಮೊದಲು ಕಟ್ಟುತ್ತಿದ್ದುದೂ ಬಂದರನ್ನೇ. ನಾನು ಮೇಲೆ ಹೇಳಿದ ಗುಣ ಈ ಆಟದಲ್ಲಿ ಅಷ್ಟಾಗಿ ಇಲ್ಲ, ಅದು ಲೆಕ್ಕಾಚಾರದ ಆಟ. ಆ ಗೆಳೆಯರಿಗಾಗಿ ಅದು ನನಗೆ ಪ್ರಿಯ. 1999ರ ಆ ಆಟಕ್ಕೆ 2022ರಲ್ಲಿ ಭಾರತದ ರಾಜಮನೆತನಗಳ ಒಂದು ವಿಸ್ತರಣೆ ಬಂದು ದ್ರಾವಿಡರೆಂಬ ಪಂಗಡ ಸೇರಿತು, ಅವರ ಮೀನುಗಾರರು ಉಳಿದವರಿಗಿಂತ ಹೆಚ್ಚು ಹೊರೆ ಹೊರುತ್ತಾರೆ ಎಂದು ತಿಳಿದ ದಿನ ಅವರಲ್ಲೊಬ್ಬನಿಗೆ ಫೋನು ಮಾಡಿ ಹೇಳಿದೆ. ಅವನು ಸಂತೋಷಪಟ್ಟ.

ಕಾರವಾರದ ಕೋಡಿಬಾಗದಲ್ಲಿ ಬಾಡಿಗೆ ಕೋಣೆಯಲ್ಲಿದ್ದಾಗ, 2008ರಲ್ಲಿ, ಯಾರೋ ಆಡಿ ಬಿಟ್ಟ ಒಂದು ಪ್ಲೇಸ್ಟೇಷನ್ ಟು ಕೊಂಡುಕೊಂಡೆ. ಅದರ ಜೊತೆಗೆ ಬಂದ ಡಿಸ್ಕ್‌ಗಳಲ್ಲಿ ಒಂದು ಶ್ಯಾಡೋ ಆಫ್ ದ ಕೊಲೋಸಸ್. ಫುಮಿಟೊ ಉಯೆಡಾ ಎಂಬ ಜಪಾನೀ ಕಲಾವಿದನ ತಂಡ 2005ರಲ್ಲಿ ಮಾಡಿದ ಆಟ. ಯಾರಾದರೂ ನನ್ನನ್ನು ತಡೆದು, ಒಂದೇ ಹೆಸರು ಹೇಳು ಎಂದರೆ ನಾನು ಹೇಳುವ ಹೆಸರು ಇದು.

ಸತ್ತುಹೋದ ಹುಡುಗಿಯೊಬ್ಬಳನ್ನು ಬದುಕಿಸಿಕೊಳ್ಳಲು ತರುಣನೊಬ್ಬ ಕುದುರೆಯೇರಿ ನಿಷೇಧಿತ ನಾಡಿಗೆ ಬರುತ್ತಾನೆ. ಅಲ್ಲಿರುವ 16 ಮಹಾಕಾಯಗಳನ್ನು ಅವನು ಕೊಲ್ಲಬೇಕು. ಆ ವಿಶಾಲವಾದ ನಾಡಿನಲ್ಲಿ ಊರಿಲ್ಲ, ಸಣ್ಣಪುಟ್ಟ ಶತ್ರುಗಳಿಲ್ಲ, ಹೆಕ್ಕಿ ಕೂಡಿಡುವ ನಾಣ್ಯಗಳಿಲ್ಲ. ಹಲ್ಲಿಗಳು, ಹದ್ದುಗಳು, ಗಾಳಿ, ಕುದುರೆಯ ಗೊರಸಿನ ಸದ್ದು. ಬಿಸಿಲಿನಲ್ಲಿ ಕತ್ತಿ ಎತ್ತಿ ಹಿಡಿದರೆ ಬೆಳಕಿನ ಎಳೆಯೊಂದು ದಾರಿ ತೋರಿಸುತ್ತದೆ. ಎದುರಾಗುವ ಜೀವ ಒಂದು ಗುಡ್ಡದಷ್ಟಿರುತ್ತದೆ. ಅದರ ಕಾಲಿನ ರೋಮಕ್ಕೆ ಜೋತುಬಿದ್ದು ಹತ್ತಬೇಕು. ಇಲ್ಲಿಯೂ ಹಿಡಿತಕ್ಕೊಂದು ಬಟನ್, ತೋರುಬೆರಳಿನ ಕೆಳಗಿನ ಆರ್ ಒನ್. ಒತ್ತಿ ಹಿಡಿದಿರುವವರೆಗೆ ಮಾತ್ರ ಅವನು ಹಿಡಿದಿರುತ್ತಾನೆ. ತೆರೆಯ ಮೂಲೆಯಲ್ಲಿರುವ ಒಂದು ವೃತ್ತ ಅವನ ಶಕ್ತಿಯೊಂದಿಗೆ ಕುಗ್ಗುತ್ತ ಬರುತ್ತದೆ, ಅದು ಮುಗಿದರೆ ನಮ್ಮ ಬೆರಳು ಎಷ್ಟೇ ಬಿಗಿಯಾಗಿದ್ದರೂ ಅವನು ಬೀಳುತ್ತಾನೆ. ಹಾಗಾಗಿ ಆ ಪ್ರಾಣಿ ಮೈ ಕೊಡವುವಾಗ ಹಿಡಿಯಬೇಕು, ಅದು ನಿಂತ ಎರಡು ಕ್ಷಣದಲ್ಲಿ ಸಮತಟ್ಟಾದ ಭುಜದ ಮೇಲೋ ಬೆನ್ನಿನ ಮೇಲೋ ಕೈಬಿಟ್ಟು ನಿಲ್ಲಬೇಕು, ವೃತ್ತ ಮತ್ತೆ ತುಂಬುವುದನ್ನು ಕಾಯಬೇಕು. ಹಿಡಿಯುವುದಕ್ಕಿಂತ ಯಾವಾಗ ಬಿಡಬೇಕೆಂಬುದನ್ನು ಕಲಿಯುವುದು ಕಷ್ಟ. ಮೊದಲ ಮಹಾಕಾಯದ ತಲೆಯ ಮೇಲೆ ನಾನು ನಿಂತಾಗ ಬೆಳಗಿನ ಜಾವವಾಗಿತ್ತು. ತೋರುಬೆರಳು ಸೆಟೆದುಹೋಗಿತ್ತು, ಅಂಗೈ ಬೆವೆತಿತ್ತು. ಕತ್ತಿ ಚುಚ್ಚಿದೆ, ಅದು ಉರುಳಿತು. ಆಗ ಕೇಳಿಬಂದ ಸಂಗೀತದಲ್ಲಿ ಗೆಲುವಿನ ಹರ್ಷ ಒಂದಿಷ್ಟೂ ಇರಲಿಲ್ಲ, ಯಾರೋ ತೀರಿಕೊಂಡ ಮನೆಯ ದುಃಖವಿತ್ತು.

ಆ ಆಟವನ್ನು ನಾನು ಒಂದೇ ಸಲಕ್ಕೆ ಮುಗಿಸಲಾಗಲಿಲ್ಲ. ಕಡಲತೀರದ ಉಪ್ಪುಗಾಳಿ ಲೋಹವನ್ನು ಬಿಡುವುದಿಲ್ಲ. ಹನ್ನೆರಡು ಮಹಾಕಾಯಗಳು ಮುಗಿದು ಹದಿಮೂರನೆಯದು ಎದುರಿಗಿದ್ದಾಗ ನನ್ನ 8 ಎಂಬಿ ಮೆಮೊರಿ ಕಾರ್ಡ್‌ನ ತಾಮ್ರದ ಹಲ್ಲುಗಳು ಹಸಿರುಗಟ್ಟಿ, ಒಳಗಿದ್ದದ್ದೆಲ್ಲ ಹೋಯಿತು. ಮೂರು ತಿಂಗಳು ಅದರ ಕಡೆಗೆ ತಿರುಗಿ ನೋಡಲಿಲ್ಲ. ಆಮೇಲೆ ಮತ್ತೆ ಮೊದಲಿನಿಂದ ಹಿಡಿದೆ, ಈ ಸಲ ಕೈಗೆ ವಿದ್ಯೆ ಬಂದಿದ್ದರಿಂದ ಬೇಗ ಬೇಗ ದಾಟಿದೆ, ಹದಿಮೂರನೆಯದರ ಮುಂದೆ ನಿಂತೆ. ಮರಳುಗಾಡಿನ ಮೇಲೆ ತೇಲಾಡುವ ಉದ್ದನೆಯ ಹಾವಿನಂಥ ಜೀವಿ ಅದು. ಅದು ನಮ್ಮ ಮೇಲೆ ಒಮ್ಮೆಯೂ ಏರಿ ಬರುವುದಿಲ್ಲ. ಬಾಣ ಬಿಟ್ಟು ಅದರ ಗಾಳಿಚೀಲಗಳನ್ನು ಒಡೆದು, ಕೆಳಗೆ ಬಂದಾಗ ಓಡುವ ಕುದುರೆಯಿಂದ ಅದರ ರೆಕ್ಕೆಗೆ ಹಾರಿ ಹಿಡಿಯಬೇಕು. ನಾನು ಬಹಳ ಹೊತ್ತು ಬಾಣ ಬಿಡದೆ ಕುದುರೆಯ ಮೇಲೆ ಕುಳಿತು ಅದು ಹಾರುವುದನ್ನು ನೋಡಿದೆ. ಹಿಂದಿನ ಸಲ ಕಾರ್ಡ್ ಕೆಟ್ಟು ಅದು ನನ್ನ ಕೈಯಿಂದ ಉಳಿದುಕೊಂಡಿತ್ತು ಎಂಬ ಯೋಚನೆಯೂ ಬಂತು. ಕೊನೆಗೆ ಬಾಣ ಬಿಟ್ಟೆ. ಆ ಪಾಪಪ್ರಜ್ಞೆ ನನ್ನದೇ, ಏಕೆಂದರೆ ಬಟನ್ ಒತ್ತಿದ ಬೆರಳು ನನ್ನದು.

ಇದಾದ ಮೇಲೆ ಹತ್ತು ವರ್ಷ ನೂರಾರು ಆಟಗಳನ್ನು ಆಡಿದೆ, ಹೆಚ್ಚಿನವು ಮರೆತುಹೋಗಿವೆ. ಮತ್ತೆ ಹಾಗೆ ಮನಸ್ಸನ್ನು ಹಿಡಿದದ್ದು 2020ರ ಲಾಕ್‌ಡೌನ್‌ನಲ್ಲಿ ಆಡಿದ ರಿಟರ್ನ್ ಆಫ್ ದ ಓಬ್ರಾ ಡಿನ್. ಲೂಕಸ್ ಪೋಪ್ ಎಂಬಾತ ಬಹುಪಾಲು ಒಬ್ಬನೇ ಕುಳಿತು ಮಾಡಿ 2018ರಲ್ಲಿ ಹೊರತಂದದ್ದು. 1803ರಲ್ಲಿ ಕಾಣೆಯಾದ ವ್ಯಾಪಾರಿ ಹಡಗೊಂದು 1807ರಲ್ಲಿ ಜನರಿಲ್ಲದೆ ಇಂಗ್ಲೆಂಡಿನ ಬಂದರಿಗೆ ತೇಲಿ ಬರುತ್ತದೆ. ನಾವು ಈಸ್ಟ್ ಇಂಡಿಯಾ ಕಂಪನಿಯ ವಿಮಾ ಪರೀಕ್ಷಕರು. ಹಡಗಿನಲ್ಲಿದ್ದ 60 ಮಂದಿಯಲ್ಲಿ ಯಾರು ಯಾರು, ಯಾರಿಗೆ ಏನಾಯಿತು ಎಂಬುದನ್ನು ಪುಸ್ತಕವೊಂದರಲ್ಲಿ ತುಂಬಬೇಕು. ಕೈಯಲ್ಲೊಂದು ಮಾಯಾ ಗಡಿಯಾರ. ಅದನ್ನು ಶವದ ಬಳಿ ತೆರೆದರೆ ಕತ್ತಲಲ್ಲಿ ಕೆಲವು ಮಾತು, ಕೆಲವು ಸದ್ದು ಕೇಳಿಸುತ್ತವೆ, ಆಮೇಲೆ ಸಾವಿನ ಆ ಕ್ಷಣ ಕಲ್ಲಿನ ಶಿಲ್ಪದಂತೆ ಸುತ್ತಲೂ ನಿಂತುಬಿಡುತ್ತದೆ. ಅದರೊಳಗೆ ನಡೆದಾಡಿ ನೋಡಬಹುದು. ಇಡೀ ಆಟ ಕಪ್ಪು ಬಿಳುಪು, ನಡುವಿನ ಬೂದು ಕೂಡ ಚುಕ್ಕಿಗಳಿಂದ ಆದದ್ದು. ನಮ್ಮ ಹಳೆಯ ಟಿವಿಯ ಮುಂದೆ ಮತ್ತೆ ಕುಳಿತ ಹಾಗಾಯಿತು.

ಇಲ್ಲಿ ಕೈಗೆ ಕೆಲಸವಿಲ್ಲ, ಕಣ್ಣಿಗಿದೆ. ಮಲಗುವ ಜೋಲಿಗಳಿಗೆ ಕಟ್ಟಿದ ಚೀಟಿಯಲ್ಲಿ ಒಂದು ಸಂಖ್ಯೆ, ಜೋಲಿಯಿಂದ ಹೊರಚಾಚಿದ ಒಂದು ಕಾಲು, ಅದೇ ಪಾದರಕ್ಷೆ ಬೇರೆ ಯಾವುದೋ ದೃಶ್ಯದಲ್ಲಿ ಹಗ್ಗ ಹತ್ತುವವನ ಕಾಲಿನಲ್ಲಿ. ಇಷ್ಟರಿಂದ ಒಬ್ಬನಿಗೆ ಅವನ ಹೆಸರನ್ನು ಹಿಂದಿರುಗಿಸಬೇಕು. ಮೂರು ಉತ್ತರಗಳು ಸರಿಯಾದಾಗ ಮಾತ್ರ ಆಟ ಹೌದು ಎನ್ನುತ್ತದೆ, ಅಲ್ಲಿಯವರೆಗೆ ಮೌನ. ಆ ಪಟ್ಟಿಯಲ್ಲಿ ಭಾರತದ ನಾವಿಕರೂ ಇದ್ದಾರೆ. ಅವರ ಹೆಸರುಗಳ ಮುಂದೆ ಬಂದಾಗ ನನಗೆ ಮುಂದೆ ಹೋಗಲಾಗಲಿಲ್ಲ. 17ನೆಯ ಶತಮಾನದಲ್ಲಿ ಕಾರವಾರದಲ್ಲಿ ಅದೇ ಕಂಪನಿಯ ಕೋಠಿಯಿತ್ತು. ಸೋಂದಾ, ಶಿರಸಿಗಳ ಕಡೆಯ ಮೆಣಸು ಘಟ್ಟ ಇಳಿದು ಇಂಥ ಹಡಗುಗಳನ್ನು ಏರುತ್ತಿತ್ತು. ಆ ಮೆಣಸಿನ ಲೆಕ್ಕ ಕಂಪನಿಯ ಕಡತದಲ್ಲಿ ಉಳಿಯಿತು, ಮೂಟೆ ಹೊತ್ತವರ ಹೆಸರು ಉಳಿಯಲಿಲ್ಲ. ಈ ಆಟ ಅಂಥವರ ಮುಖವನ್ನು ಹತ್ತಿರ ಹೋಗಿ ನೋಡು ಎನ್ನುತ್ತದೆ, ಗುರುತಿಸುವವರೆಗೆ ಬಿಡುವುದಿಲ್ಲ. ಲಾಕ್‌ಡೌನ್ ಸಡಿಲವಾದ ಮೇಲೆ ಒಂದು ಸಂಜೆ ಟಾಗೋರ್ ಕಡಲತೀರಕ್ಕೆ ಹೋಗಿ, ಮರಳಿನ ಮೇಲೆ ಸಂಗ್ರಹಾಲಯವಾಗಿ ನಿಲ್ಲಿಸಿರುವ ಐಎನ್‌ಎಸ್ ಚಪಲ್ ಯುದ್ಧನೌಕೆಯ ಸುತ್ತ ನಡೆದೆ. ವರ್ಷಗಳಿಂದ ನೋಡಿದ್ದ ಆ ನೌಕೆಯಲ್ಲಿ ಎಷ್ಟು ಜನ, ಯಾರ್ಯಾರು, ಎಲ್ಲೆಲ್ಲಿ ಮಲಗುತ್ತಿದ್ದರೋ ಎಂದು ಅಂದೇ ಮೊದಲು ಕೇಳಿಕೊಂಡೆ.

ಸ್ಟಾರ್‌ಡ್ಯೂ ವ್ಯಾಲಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಎರಿಕ್ ಬರೋನ್ ಒಬ್ಬನೇ ನಾಲ್ಕು ವರ್ಷ ಕುಳಿತು ಮಾಡಿ 2016ರಲ್ಲಿ ಕೊಟ್ಟ ಬೇಸಾಯದ ಆಟ ಅದು. ಊರಿಗೆ ಹೋದಾಗ ಆಡುತ್ತಿದ್ದುದನ್ನು ಅಪ್ಪಯ್ಯ ಬೆನ್ನ ಹಿಂದೆ ನಿಂತು ನೋಡಿ, ಬಿತ್ತಿದ ಗಡ್ಡೆ ನಾಲ್ಕೇ ದಿನಕ್ಕೆ ಬಂದದ್ದನ್ನು ಕಂಡು, "ಇದ್ರಲ್ಲಿ ಅಡಕೆ ಇಲ್ಯನಾ ತಮಾ?" ಎಂದು ಕೇಳಿದ. ಇಲ್ಲ ಎಂದೆ. ಅಡಿಕೆ ಸಸಿ ಫಲ ಬಿಡಲು ಐದಾರು ವರ್ಷ ಕಾಯುವವನಿಗೆ, ಪ್ರತಿ ಮಳೆಗಾಲ ಕೊಳೆರೋಗದ ಭಯದಲ್ಲಿ ಮದ್ದು ಹೊಡೆಸುವವನಿಗೆ, ಆ ಆಟ ಹಿಡಿಸಲಾರದು ಎಂದುಕೊಂಡಿದ್ದೆ. ಅವನು ಕುರ್ಚಿ ಎಳೆದುಕೊಂಡು ಕುಳಿತು, ಮಳೆ ಬಂದ ದಿನ ಗಿಡಕ್ಕೆ ನೀರು ಹಾಕುವುದು ಬೇಡ ಎಂಬುದನ್ನು ನನಗಿಂತ ಮೊದಲೇ ಗುರುತಿಸಿದ.

ಕಳೆದ ಕೊಯ್ಲಿನ ಹೊತ್ತಿಗೆ ಊರಿಗೆ ಹೋದಾಗ ಹಳೆಯ ಪ್ಲೇಸ್ಟೇಷನ್ನನ್ನೂ ಒಯ್ದಿದ್ದೆ, ಅಣ್ಣನ ಮಗ ಬಹಳ ದಿನಗಳಿಂದ ಕೇಳುತ್ತಿದ್ದ. ಈಗ ತೋಟದಲ್ಲಿ ಹೆಚ್ಚಿನ ಕೊನೆಗಳನ್ನು ಫೈಬರ್ ದೋಟಿಯಿಂದ ನೆಲದಲ್ಲಿ ನಿಂತೇ ಕೊಯ್ಯುತ್ತಾರೆ. ನಾನು ಕತ್ತೆತ್ತಿ ನೋಡುತ್ತಿದ್ದ ಆ ಕೊನೆಗೌಡರಿಗೆ ಈಗ ಎಪ್ಪತ್ತು ದಾಟಿದೆ, ಮರ ಹತ್ತುವುದನ್ನು ಬಿಟ್ಟಿದ್ದಾರೆ; ಮಗ ದೋಟಿ ಹಿಡಿಯುವಾಗ ಜೊತೆಗೆ ಬಂದು, ಹತ್ತು ಗಂಟೆಗೆ ಚಾ ಕುಡಿಯಲು ಜಗಲಿಗೆ ಬಂದಿದ್ದರು. ಹುಡುಗ ಮೊದಲ ಮಹಾಕಾಯದ ಕಾಲಿಗೆ ಜೋತುಬಿದ್ದು, ಹಲ್ಲು ಕಚ್ಚಿ, ಎರಡೂ ಕೈಗಳಲ್ಲಿ ಕಂಟ್ರೋಲರ್ ಹಿಸುಕುತ್ತಿದ್ದ. ವೃತ್ತ ಕುಗ್ಗಿ ಕುಗ್ಗಿ ಮುಗಿದು ನಾಲ್ಕನೆಯ ಸಲ ಬಿದ್ದ. ಗೌಡರು ಲೋಟ ಕೆಳಗಿಟ್ಟು ತೆರೆಯನ್ನೇ ನೋಡುತ್ತಿದ್ದರು.

"ಕೈಲಿ ಹಿಡಿಯೂದಲ್ಲ ತಮಾ, ಕಾಲಲ್ಲಿ ಹಿಡೀಬೇಕು" ಎಂದರು. "ಕೈ ಬರೀ ತಾಗ್ಸಿಟ್ಕಳೂಕೆ. ಮರ ಅಲ್ಲಾಡಿದ್ರೆ ಅದ್ರ ಜೊತಿಗೇ ಹೋಗೂದು, ನಿಂತ ಮೇಲೆ ಹತ್ತೂದು."

ಹುಡುಗ ಅವರ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದ. ಮತ್ತೆ ಹತ್ತಿದ. ಮಹಾಕಾಯ ಮೈ ಕೊಡವಿದಾಗ ಅಲುಗಾಡದೆ ಹಿಡಿದುಕೊಂಡ, ಅದು ನಿಂತಾಗ ಸರಸರನೆ ಏರಿ ಬೆನ್ನಿನ ಮೇಲಿನ ಕಲ್ಲುಚಪ್ಪಡಿಯನ್ನು ತಲುಪಿ ಬೆರಳು ಸಡಿಲಿಸಿದ. ಮೂಲೆಯ ವೃತ್ತ ನಿಧಾನವಾಗಿ ತುಂಬತೊಡಗಿತು. ಗೌಡರು ತಣ್ಣಗಾದ ಚಾ ಎತ್ತಿ ಕುಡಿದರು, ಕಣ್ಣು ತೆರೆಯ ಮೇಲೇ ಇತ್ತು.